ನಮ್ಮ ಚಾರ್ಟ್ ಬರೆಯುವವರು ಯಾರು?

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಮೇ 12 ದಾದಿಯರ ದಿನ. ಅದಕ್ಕೋ ಏನೋ, ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನರ್ಸ್‌ಗಳದ್ದೇ ಇದ್ದವು. ಒಂದೇ ಕಡೆ ಕೂತು ಎಲ್ಲವನ್ನೂ ಓದಿ ಮುಗಿಸಿದಾಗ ರಾತ್ರಿ ಹನ್ನೊಂದಾಗಿತ್ತು. ಆ ಹೊತ್ತಿಗೆ ಈ ಪತ್ರ ಬರೆದವರಲ್ಲಿ ಎಷ್ಟೋ ಜನ ವಾರ್ಡಿನಲ್ಲಿ ಹತ್ತೂವರೆಯ ಇಂಜೆಕ್ಷನ್ ಕೊಟ್ಟು ಮುಗಿಸಿ ಕೇಸ್ ಶೀಟ್ ಬರೆಯುತ್ತಿರುತ್ತಾರೆ ಅಂತ ನೆನಪಾಯಿತು. ಹಾಗಾಗಿ ಈ ಸಲದ ಪುಟ ಪೂರ್ತಿ ನಮ್ಮವರಿಗೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ನರ್ಸ್. ಔಷಧಿ ಹೇಳುವುದಿಲ್ಲ. ಕಂಡಿದ್ದು, ಕಲಿತಿದ್ದು ಹೇಳುತ್ತೇನೆ.

*

ಮೇಡಂ, ಎಂಟು ದಿನದ ಹಿಂದೆ ನೈಟ್ ಡ್ಯೂಟಿಯಲ್ಲಿ ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ರೋಗಿಯ ರಕ್ತದ ರಿಪೋರ್ಟ್ ಗೊತ್ತಿಲ್ಲ. ಇನ್‌ಚಾರ್ಜ್ ಬೈಯುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಈಗ ಊಟ ಸೇರುತ್ತಿಲ್ಲ, ಕಣ್ಣು ಮುಚ್ಚಿದರೆ ಅದೇ ನೆನಪು. ಏನು ಮಾಡಲಿ?
(ಹೆಸರು ಬೇಡ, ದಾವಣಗೆರೆ ಜಿಲ್ಲೆ)

ತಂಗಿ, ಪತ್ರ ಕೈಗೆ ಬಂದ ದಿನವೇ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ನೀವು ಮೊದಲ ಪರೀಕ್ಷೆ ಮಾಡಿಸಿದ್ದೂ ಆಯಿತು. ಇಲ್ಲಿ ಬರೆಯುತ್ತಿರುವುದು ಇನ್ನೊಬ್ಬರು ಎಂಟು ದಿನ ಕಾಯದಿರಲಿ ಅಂತ.

ಸೂಜಿ ಚುಚ್ಚಿದ ಕೂಡಲೇ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬೇಡಿ. ಸ್ಪಿರಿಟ್ ಸುರಿಯಬೇಡಿ. ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೇಳಿ, ರಿಪೋರ್ಟ್ ಬುಕ್ಕಿನಲ್ಲಿ ಸಮಯ ಹಾಕಿ ಬರೆಯಿರಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಹೋದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಅದರಿಂದ ಉಪಯೋಗವಿಲ್ಲ. ಶುರು ಮಾಡಿದರೆ 28 ದಿನ ತಪ್ಪದೆ ನುಂಗಬೇಕು.

ಹೆದರಿಕೆಗೆ ಒಂದು ಲೆಕ್ಕ ಹೇಳುತ್ತೇನೆ. ಎಚ್‌ಐವಿ ಇರುವ ರಕ್ತದ ಸೂಜಿ 1000 ಸಲ ಚುಚ್ಚಿದರೆ ಸೋಂಕು ತಗಲುವುದು ಸುಮಾರು 3 ಸಲ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು 100ಕ್ಕೆ 30ರವರೆಗೂ ತಗಲಬಹುದು. ಮೂರು ಡೋಸ್ ಲಸಿಕೆ ಮುಗಿಸಿ, ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯಾ ಅಂತ ನೋಡಿಕೊಳ್ಳಿ. ವಾರ್ಡಿನಲ್ಲಿ ದಿನಾ ಸೂಜಿ ಹಿಡಿಯುವವರೇ ಎರಡನೇ ಡೋಸಿಗೆ ನಿಲ್ಲಿಸಿಬಿಟ್ಟಿರುತ್ತಾರೆ. ನಿಮ್ಮ ಮುಂದಿನ ಪರೀಕ್ಷೆಗಳ ತಾರೀಖನ್ನು ಐಸಿಟಿಸಿಯವರು, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದವರು ಹೇಳಿದ್ದಾರಲ್ಲ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸೂಜಿ ಚುಚ್ಚಿದ ಸಮಯ ಬೆಳಗಿನ ಜಾವ ನಾಲ್ಕೂವರೆ. ರಾತ್ರಿ ಎಂಟಕ್ಕೆ ನಿಂತವರು ಆಗ ಒಂಬತ್ತನೇ ಗಂಟೆಯಲ್ಲಿರುತ್ತಾರೆ. ಸೂಜಿಗೆ ಕ್ಯಾಪ್ ಹಾಕಬಾರದು ಅಂತ ನಿಮಗೆ ಗೊತ್ತಿಲ್ಲದೆ ಏನಿಲ್ಲ. ದಣಿದ ಕೈ ಹಳೇ ಅಭ್ಯಾಸಕ್ಕೆ ಹೋಯಿತು, ಅಷ್ಟೇ.

ಇನ್‌ಚಾರ್ಜ್ ಸಿಸ್ಟರ್‌ಗಳಿಗೂ ಒಂದು ಮಾತು. 1999ರಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ ಒಬ್ಬ ವಿದ್ಯಾರ್ಥಿನಿಗೆ ನಾನು ಎಲ್ಲರ ಎದುರು ರೇಗಿದೆ. ಅದಾದ ಮೇಲೆ ಒಂದು ವರ್ಷ ನಮ್ಮ ವಾರ್ಡಿನಿಂದ ಒಂದೇ ಒಂದು ಸೂಜಿ ಕೇಸೂ ವರದಿಯಾಗಲಿಲ್ಲ. ಚುಚ್ಚುವುದು ನಿಂತಿರಲಿಲ್ಲ, ಹೇಳುವುದು ನಿಂತಿತ್ತು. ಆ ತಪ್ಪು ನನ್ನದು. ನೀವು ಮಾಡಬೇಡಿ.

*

ಅಕ್ಕಾ, ನಾನು ಕೊಪ್ಪಳದ ಕಡೆಯವಳು, ವಯಸ್ಸು 26. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ತಿಂಗಳಿಗೆ 12 ನೈಟ್. ಪಿಜಿಯಲ್ಲಿ ಹಗಲು ನಿದ್ದೆ ಬರುವುದಿಲ್ಲ. ಪಿರಿಯಡ್ಸ್ ಏರುಪೇರಾಗಿದೆ, ಎದೆ ಉರಿ, ತೂಕ 9 ಕೆಜಿ ಜಾಸ್ತಿಯಾಗಿದೆ. ಮೊದಲು ರೋಗಿ ತೀರಿಕೊಂಡರೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಈಗ ಬೆಡ್ ಖಾಲಿಯಾಯ್ತು ಅಂತಷ್ಟೇ ಅನ್ನಿಸುತ್ತದೆ. ನಾನು ಕೆಟ್ಟವಳಾಗಿಬಿಟ್ಟೆನಾ? ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವಾ?
(ಓದುಗರು, ಬೆಂಗಳೂರು)

ಮಗಳೇ, ಮೊದಲು ಒಂದು ಕಥೆ ಹೇಳುತ್ತೇನೆ.

1991. ನಾನು ಫೀಮೇಲ್ ಮೆಡಿಕಲ್ ವಾರ್ಡಿನಲ್ಲಿದ್ದೆ. 40 ಹಾಸಿಗೆ, ಆದರೆ ನೆಲದ ಮೇಲೆ ಮಲಗಿದವರನ್ನೂ ಸೇರಿಸಿದರೆ 58 ರೋಗಿಗಳು. ರಾತ್ರಿಗೆ ನಾನೊಬ್ಬಳೇ ಸಿಸ್ಟರ್, ಜೊತೆಗೆ ಒಬ್ಬ ಆಯಾ. ತರೀಕೆರೆ ಕಡೆಯ ಒಬ್ಬ ಅಜ್ಜಿಗೆ ಕಿಡ್ನಿ ತೊಂದರೆ. ಅವರಿಗೆ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಹಾಕಿದ್ದೆವು. ಕುಡಿದ ನೀರು ಎಷ್ಟು, ಹೋದ ಮೂತ್ರ ಎಷ್ಟು, ಗಂಟೆಗಂಟೆಗೂ ಅಳೆದು ಬರೆಯಬೇಕು. ಬೆಳಗಿನ ಜಾವ ನಾನು ಜಗ್ಗನ್ನು ಲೈಟಿಗೆ ಹಿಡಿದು ಅಳತೆ ನೋಡುತ್ತಿದ್ದೆ. ಅಜ್ಜಿ ಸಣ್ಣ ದನಿಯಲ್ಲಿ ಹೇಳಿದರು, "ನಂದು ಅಳೀತೀಯಲ್ಲ ತಾಯಿ, ನೀನು ಬಂದಾಗಿಂದ ಒಂದ್ಸಲನೂ ಒಳಗೆ ಹೋಗಿದ್ದು ನಾನು ಕಾಣ್ಲಿಲ್ಲ."

ಅವರು ರಾತ್ರಿಯಿಡೀ ನನ್ನನ್ನು ನೋಡುತ್ತಿದ್ದರು. ಹೌದು, ರಾತ್ರಿ ಎಂಟರಿಂದ ನಾನು ಶೌಚಾಲಯಕ್ಕೆ ಹೋಗಿರಲಿಲ್ಲ. ಸ್ಟಾಫ್ ಟಾಯ್ಲೆಟ್ ಕೆಳಗಿನ ಮಹಡಿಯಲ್ಲಿತ್ತು, ವಾರ್ಡ್ ಬಿಟ್ಟು ಇಳಿಯಲು ಭಯ. ಹೋಗಬೇಕಾಗುತ್ತದೆ ಅಂತ ನೀರನ್ನೇ ಕುಡಿಯುತ್ತಿರಲಿಲ್ಲ. ಒಂದು ಹಾಳೆಯ ಹಿಂದೆ ನನ್ನದೇ ಚಾರ್ಟ್ ಬರೆದು ನೋಡಿದೆ. ಹನ್ನೆರಡು ಗಂಟೆಯಲ್ಲಿ ಇನ್‌ಟೇಕ್ ಒಂದು ಲೋಟ ಟೀ. ಔಟ್‌ಪುಟ್ ಸೊನ್ನೆ. ರೋಗಿಯ ಚಾರ್ಟಿನಲ್ಲಿ ಅಂಥ ಸೊನ್ನೆ ಕಂಡಿದ್ದರೆ ಓಡಿಹೋಗಿ ಡಾಕ್ಟರನ್ನು ಎಬ್ಬಿಸುತ್ತಿದ್ದೆ. ನನ್ನದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಎರಡು ತಿಂಗಳಿಗೆ ಕಿಡ್ನಿಗೆ ಸೋಂಕಾಗಿ, ಚಳಿಜ್ವರ ಬಂದು, ಅದೇ ವಾರ್ಡಿನಲ್ಲಿ ಮಲಗಿದೆ.

ಈಗ ನಿಮ್ಮ ಪತ್ರವನ್ನು ಒಬ್ಬ ರೋಗಿಯ ಕೇಸ್ ಶೀಟ್ ಅಂದುಕೊಂಡು ಓದೋಣ. ಪಿರಿಯಡ್ಸ್, ಎದೆ ಉರಿ, ತೂಕ, ನಿದ್ದೆ. ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳ ಹಾಗೆ ಕಾಣುತ್ತವೆ. ನಾಲ್ಕಕ್ಕೂ ಬೇರು ನಿಮ್ಮ ಡ್ಯೂಟಿ ರೋಸ್ಟರಿನಲ್ಲಿ, ಅಂದರೆ ಪಾಳಿ ಪಟ್ಟಿಯಲ್ಲಿ, ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ, ಅದು ಬೆಳಕು ನೋಡಿ ನಡೆಯುತ್ತದೆ. ಕತ್ತಲಾದರೆ ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಹಾರ್ಮೋನು ಏರಬೇಕು, ಐಸಿಯು ಲೈಟಿನಲ್ಲಿ ಅದು ಸರಿಯಾಗಿ ಏರುವುದಿಲ್ಲ. ರಾತ್ರಿ ಎರಡಕ್ಕೆ ತಿಂದ ಬಿರಿಯಾನಿಯ ಸಕ್ಕರೆಯನ್ನು ದೇಹ ಹಗಲಿನ ಹಾಗೆ ಸಂಭಾಳಿಸುವುದಿಲ್ಲ, ಜೀರ್ಣವೂ ನಿಧಾನ. ಹಾರ್ಮೋನಿನ ಲಯ ತಪ್ಪಿದರೆ ಮುಟ್ಟೂ ತಪ್ಪುತ್ತದೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್ ತರಬಹುದಾದ ಸಂಗತಿಗಳ ಪಟ್ಟಿಯಲ್ಲಿ 2007ರಲ್ಲೇ ಸೇರಿಸಿದೆ, 2019ರಲ್ಲಿ ಮತ್ತೆ ಪರಿಶೀಲಿಸಿ ಹಾಗೇ ಉಳಿಸಿದೆ. ಹೆದರಿಸಲು ಹೇಳುತ್ತಿಲ್ಲ. "ಎಲ್ಲರೂ ಮಾಡ್ತಾರೆ, ನಿಂಗೊಬ್ಬಳಿಗೇ ಏನು" ಅಂತ ಯಾರಾದರೂ ಅಂದರೆ ಉತ್ತರ ಕೊಡಲು ನಿಮಗೆ ಇದು ಗೊತ್ತಿರಲಿ.

ಇನ್ನು ಆ ಖಾಲಿ ಬೆಡ್ಡಿನ ಮಾತು. ಅದನ್ನು ಓದಿ ನನ್ನ ಕಣ್ಣು ತುಂಬಿತು, ಯಾಕಂದರೆ ಅದು ನನಗೂ ಆಗಿತ್ತು. ವಿಪರೀತ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಈ ಮೂರು ಸೇರಿದರೆ ಅದಕ್ಕೆ ಬರ್ನೌಟ್ ಅಂತ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸುವಾಗ ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದರೆ ಬರುವ ಸ್ಥಿತಿ ಅಂತ ಬರೆಯಿತು. ಕೆಟ್ಟವರಾಗಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಮೂರು ವರ್ಷ ಒಂದೇ ಸಮನೆ ನೋವು ನೋಡಿ ಮನಸ್ಸು ಬಾಗಿಲು ಹಾಕಿಕೊಂಡಿದೆ. ವಿಶ್ರಾಂತಿ ಸಿಕ್ಕರೆ ತೆಗೆಯುತ್ತದೆ. ನನ್ನದು ತೆಗೆಯಿತು.

ಎರಡು ವಾರ ನಿಮ್ಮ ಚಾರ್ಟ್ ನೀವೇ ಬರೆಯಿರಿ. ಎಷ್ಟು ಹೊತ್ತಿಗೆ ಮಲಗಿದೆ, ಯಾವಾಗ ಎದ್ದೆ, ಏನು ತಿಂದೆ, ನೀರು ಎಷ್ಟು, ಬಾತ್‌ರೂಮಿಗೆ ಎಷ್ಟು ಸಲ, ಮುಟ್ಟಿನ ತಾರೀಖು, ಅತ್ತಿದ್ದರೆ ಅದೂ. ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ಬಿಪಿ ನೋಡಿಸಿ. ಎಲ್ಲವನ್ನೂ ನೈಟ್ ಡ್ಯೂಟಿ ತಲೆಗೆ ಕಟ್ಟಿ ಬೇರೆ ಕಾಯಿಲೆ ತಪ್ಪಿಸಿಕೊಳ್ಳಬಾರದಲ್ವಾ?

ಅದೇ ಹಾಳೆಯನ್ನು ಇನ್‌ಚಾರ್ಜ್‌ಗೂ ತೋರಿಸಿ. ಸುಮ್ನೆ "ಆಗ್ತಿಲ್ಲ ಸಿಸ್ಟರ್" ಅಂದರೆ "ಅಡ್ಜಸ್ಟ್ ಮಾಡ್ಕೋ" ಅನ್ನುತ್ತಾರೆ. ಹಾಳೆ ತೋರಿಸಿ ಬೇಕಾದ್ದನ್ನು ಕೇಳಿ. ಮಾರ್ನಿಂಗ್ ಆದ ಮೇಲೆ ಈವ್ನಿಂಗ್, ಅದಾದ ಮೇಲೆ ನೈಟ್, ಈ ಕ್ರಮದಲ್ಲಿ ಪಾಳಿ ಬದಲಾದರೆ ದೇಹ ಒಗ್ಗಿಕೊಳ್ಳುವುದು ಸುಲಭ. ಈವ್ನಿಂಗ್ ಮುಗಿಸಿ ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದವಳನ್ನು ಬೆಳಿಗ್ಗೆ ಮಾರ್ನಿಂಗ್‌ಗೆ ಕರೆಯಬಾರದು. ಒಂದೇ ಸಲ ಆರು ನೈಟ್ ಬದಲು ಮೂರು ಮಾಡಿ ಆಫ್ ಕೊಡಲಿ. ನಾನು ರೋಸ್ಟರ್ ಬರೆಯುವ ಜಾಗಕ್ಕೆ ಬಂದಾಗ ಇದನ್ನು ಮಾಡಿದ್ದೇನೆ. ಒಂದು ಸಿಸ್ಟರನ್ನೂ ಜಾಸ್ತಿ ಕೊಡದೆ ಇಷ್ಟು ಮಾಡಬಹುದು. ಪೂರ್ತಿ ಪರಿಹಾರ ಇದಲ್ಲ ಅಂತ ನನಗೂ ಗೊತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಬೇರೆ ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು. ನನ್ನ ವಾರ್ಡಿನ 58 ನೆನಪಿಸಿಕೊಳ್ಳಿ. ಆ ಅಂತರ ತುಂಬಿಸುವುದು ಆಸ್ಪತ್ರೆ ನಡೆಸುವವರ ಮತ್ತು ಸರ್ಕಾರದ ಕೆಲಸ. ಅದನ್ನು ಕೇಳುವುದನ್ನು ನಾವು ನಿಲ್ಲಿಸಬಾರದು.

ನೈಟ್ ದಿನಗಳಿಗೆ ಇಷ್ಟು. ಊಟ ಡ್ಯೂಟಿಗೆ ಮೊದಲೇ ಮುಗಿಸಿ. ನಡುರಾತ್ರಿ ಹಸಿವಾದರೆ ಮೊಸರನ್ನ, ಬಾಳೆಹಣ್ಣು, ಕಡಲೆಯಂಥದ್ದು ಸ್ವಲ್ಪ ಸಾಕು. ಟೀ ಕಾಫಿ ಎರಡು ಗಂಟೆಗೆ ನಿಲ್ಲಿಸಿ, ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆ ಆದಮೇಲೂ ರಕ್ತದಲ್ಲಿರುತ್ತದೆ. ಜೊತೆಯವರಿಗೆ ಹೇಳಿ ಸರದಿಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಬೆಳಿಗ್ಗೆ ರೂಮಿಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬಂದ ಮೇಲೆ ಮೊಬೈಲ್ ಬೇಡ. ಪಿಜಿಯಲ್ಲಿ ನೈಟ್ ಮಾಡುವವರು ಇನ್ನಿಬ್ಬರು ಇದ್ದೇ ಇರುತ್ತಾರೆ, ಅವರ ಜೊತೆ ಒಂದೇ ರೂಮಿಗೆ ಬದಲಾಯಿಸಿಕೊಡಿ ಅಂತ ಓನರಮ್ಮನನ್ನು ಕೇಳಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಾರ್ಡ್ ಸ್ಟಾಕಿನಿಂದ ಅಲ್ಪ್ರಜೋಲಮ್ ಅನ್ನುವ ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡು ಮಲಗುವ ಹುಡುಗಿಯರನ್ನು ನಾನು ನೋಡಿದ್ದೇನೆ. ಅರ್ಧ ಮಾತ್ರೆಯಿಂದ ಶುರುವಾಗುತ್ತದೆ. ಬೇಡ ಮಗಳೇ. ರಜೆಗೆ ಊರಿಗೆ ಹೋದಾಗಲೂ ಎರಡು ವಾರ ಯಾವುದರಲ್ಲೂ ಖುಷಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದು ಬರ್ನೌಟ್ ದಾಟಿ ಖಿನ್ನತೆಯಾಗಿರಬಹುದು. ಆಗ ಒಂದು ದಿನವೂ ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಮೂರಕ್ಕೂ ಎತ್ತುತ್ತಾರೆ, ದುಡ್ಡಿಲ್ಲ.

*

ಮೇಡಂ, ತಾಲ್ಲೂಕು ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಿದ್ದೇನೆ. ಮೂರು ತಿಂಗಳ ಹಿಂದೆ ಬಹಳ ತಡವಾಗಿ ಬಂದ ಒಂದು ಕೇಸಿನಲ್ಲಿ ಮಗು ಉಳಿಯಲಿಲ್ಲ. ಮನೆಯವರು ನನ್ನ ತೋಳು ಹಿಡಿದು ಎಳೆದಾಡಿದರು, ಟ್ರೇ ಎತ್ತಿ ಬಿಸಾಡಿದರು. ಈಗಲೂ ವಾರ್ಡಿನ ಬಾಗಿಲು ಧಡ್ ಅಂದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಮರುದಿನವೇ ಡ್ಯೂಟಿಗೆ ಹೋದೆ. ಯಾರೂ ಏನೂ ಕೇಳಲಿಲ್ಲ.
(ಓದುಗರು, ಉತ್ತರ ಕರ್ನಾಟಕ)

ಯಾರೂ ಕೇಳಲಿಲ್ಲ ಅಂದಿರಲ್ಲ, ಆ ಮಾತು ನನ್ನನ್ನು ಬಹಳ ಚುಚ್ಚಿತು. ನಾನು ಕೇಳುತ್ತೇನೆ. ಹೇಗಿದ್ದೀರಿ ತಂಗಿ? ತೋಳು ನೋವು ಹೋಯಿತಾ?

1994ರಲ್ಲಿ ನನ್ನ ಕೈಯಲ್ಲೂ ಒಂದು ಮಗು ಹೋಯಿತು. ಅಳಲೂ ಇಲ್ಲ, ಕದಲಲೂ ಇಲ್ಲ. ನಾನು ಗ್ಲೌಸ್ ಹಾಕಿದ ಕೈ ಹಾಗೇ ಮುಂದೆ ಚಾಚಿಕೊಂಡು ನಿಂತುಬಿಟ್ಟಿದ್ದೆ. ನಮ್ಮ ಹಿರಿಯ ಸಿಸ್ಟರ್ ಬಂದು ಏನೂ ಮಾತಾಡದೆ ಗ್ಲೌಸ್ ಬಿಚ್ಚಿದರು. ಬೇಸಿನ್ ಹತ್ತಿರ ಕರೆದುಕೊಂಡು ಹೋಗಿ, ಚಿಕ್ಕ ಮಗುವಿಗೆ ತೊಳೆದ ಹಾಗೆ, ಒಂದೊಂದೇ ಬೆರಳು ಸೋಪು ಹಚ್ಚಿ ತೊಳೆದರು. ಆಮೇಲೆ ಪಕ್ಕದಲ್ಲಿ ಕೂತು ರಿಪೋರ್ಟ್ ಬರೆಸಿದರು. ಎಷ್ಟು ಗಂಟೆಗೆ ಬಂದರು, ಮಗುವಿನ ಎದೆಬಡಿತ ಆಗಲೇ ಎಷ್ಟಿತ್ತು, ನಾವು ಏನೇನು ಮಾಡಿದೆವು. ಬರೆಯುತ್ತಾ ಬರೆಯುತ್ತಾ ನನಗೇ ಗೊತ್ತಾಯಿತು, ನಾನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಅಂತ. ನಿಮಗೆ ಆ ದಿನ ಅಂಥ ಹತ್ತು ನಿಮಿಷ ಸಿಗಲಿಲ್ಲ. ಈಗಲಾದರೂ ನಂಬಿಕೆಯ ಒಬ್ಬ ಹಿರಿಯರ ಜೊತೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿ.

ಬಾಗಿಲ ಸದ್ದಿಗೆ ಎದೆ ಹೊಡೆದುಕೊಳ್ಳುವುದು ನಿಮ್ಮ ದೇಹ ಇನ್ನೂ ಕಾವಲು ಕೂತಿದೆ ಅಂತ ತೋರಿಸುತ್ತದೆ. ಬಹಳ ಜನರಿಗೆ ಇದು ಒಂದು ತಿಂಗಳಲ್ಲಿ ಇಳಿಯುತ್ತದೆ. ನಿಮಗೆ ಮೂರು ತಿಂಗಳಾಗಿದೆ. ಹಾಗಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ ಬನ್ನಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಪರಿಚಯದವರು ನೋಡುತ್ತಾರೆ ಅನ್ನುವ ಸಂಕೋಚವಿದ್ದರೆ ಮೇಲೆ ಹೇಳಿದ 14416ಕ್ಕೆ ಮೊದಲು ಮಾತಾಡಿ.

ಇನ್ನೊಂದು. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2009ರ ಪ್ರತ್ಯೇಕ ಕಾಯ್ದೆ ಇದೆ. ನರ್ಸ್‌ಗಳೂ ಅದರೊಳಗೆ ಬರುತ್ತಾರೆ, ಅದು ಜಾಮೀನುರಹಿತ ಅಪರಾಧ. ಮಗು ಕಳೆದುಕೊಂಡವರ ಮೇಲೆ ಕೇಸು ಹಾಕಲು ನಿಮಗೆ ಮನಸ್ಸು ಬರದಿದ್ದರೆ ಅದೂ ನನಗೆ ಅರ್ಥವಾಗುತ್ತದೆ. ಆದರೆ ಘಟನೆಯನ್ನು ಬರಹದಲ್ಲಿ ಆಡಳಿತಾಧಿಕಾರಿಗೆ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಲೇಬರ್ ವಾರ್ಡಿನ ಬಾಗಿಲಿಗೆ ರಾತ್ರಿ ಸೆಕ್ಯುರಿಟಿ ಬೇಕು ಅಂತ ಅದರಲ್ಲೇ ಬರೆಯಿರಿ.

*

ವಯಸ್ಸು 47. ಕಾಲಿನ ನರ ಉಬ್ಬಿ ನೀಲಿಯಾಗಿದೆ, ಸೊಂಟ ಹಿಡಿದುಕೊಂಡಿದೆ. ವಾಲಂಟರಿ (ಸ್ವಯಂ ನಿವೃತ್ತಿ) ತಗೊಳ್ಳಲಾ?
(ಓದುಗರು, ಮಂಗಳೂರು)

ಇಷ್ಟು ಬೇಗ ಆ ಅರ್ಜಿ ಬರೆಯಬೇಡಿ. ಮೊದಲು ಸರ್ಜನ್‌ಗೆ ಕಾಲು ತೋರಿಸಿ. ಅವರು ಹೇಳಿದ ಅಳತೆಯ ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಏಳುವ ಮೊದಲೇ, ಊತ ಬರುವ ಮುನ್ನ, ಹಾಕಿಕೊಳ್ಳಿ. ಕೇಸ್ ಶೀಟ್ ಬರೆಯುವಾಗ ಕೂತೇ ಬರೆಯಿರಿ. ಒಬ್ಬರೇ ರೋಗಿಯನ್ನು ಎತ್ತಬೇಡಿ. ಡ್ರಾ ಶೀಟ್ (ರೋಗಿಯ ಕೆಳಗೆ ಅಡ್ಡ ಹಾಸಿದ ಬಟ್ಟೆ) ಹಿಡಿದು ಇಬ್ಬರು ಸರಿಸಿ, ಬೆಡ್ಡನ್ನು ಸೊಂಟದ ಎತ್ತರಕ್ಕೆ ಏರಿಸಿಕೊಂಡು. ಒಪಿಡಿಗೋ ಲಸಿಕೆ ವಿಭಾಗಕ್ಕೋ ಹಾಕಿ ಅಂತ ವೈದ್ಯರ ಪತ್ರ ಇಟ್ಟು ಕೇಳಿ.

*

ಸಿಸ್ಟರ್, ನಾನು ಮೇಲ್ ನರ್ಸ್. ಚಿಕ್ಕ ನರ್ಸಿಂಗ್ ಹೋಮ್. ಸಂಬಳ 13 ಸಾವಿರ. ಮನೆ ಸಾಲದ ಯೋಚನೆಗೇ ಬಿಪಿ ಬಂದಿದೆ.
(ಓದುಗರು, ಕಲಬುರಗಿ)

ಬ್ರದರ್, ಖಾಸಗಿ ನರ್ಸ್‌ಗಳ ಸಂಬಳದ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ಕೇಂದ್ರದ ಸಮಿತಿ ಶಿಫಾರಸು ಕೊಟ್ಟಿತು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20 ಸಾವಿರಕ್ಕೆ ಕಡಿಮೆ ಇರಬಾರದು, 200 ಹಾಸಿಗೆ ಮೇಲಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಅಂತ. ಅದನ್ನು ಜಾರಿಗೆ ತರಬೇಕಾದ್ದು ರಾಜ್ಯಗಳು. ಒಬ್ಬರೇ ಕೇಳಿದರೆ ಕೆಲಸಕ್ಕೆ ಕುತ್ತು, ನಾಲ್ಕು ಜನ ಸೇರಿ ಸಂಘದ ಮೂಲಕ ಕೇಳಿ. ಬಿಪಿ ಮಾತ್ರೆಯನ್ನು ದುಡ್ಡಿನ ಲೆಕ್ಕದಲ್ಲಿ ಬಿಡಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.

*

ಮೇಡಂ, ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ನೈಟ್ ಮಾಡಿ ಬಂದ ದಿನ ಮಾತೇ ಇಲ್ಲ, ಮಾತಾಡಿದರೆ ಸಿಡುಕು. ಹಗಲೆಲ್ಲ ಮಲಗುತ್ತಾಳೆ ಅಂತ ಅಮ್ಮನ ಬೇಸರ. ನಡುವೆ ನಾನು ಸಿಕ್ಕಿಕೊಂಡಿದ್ದೇನೆ.
(ಓದುಗರು, ತುಮಕೂರು)

ಇಷ್ಟು ವರ್ಷದಲ್ಲಿ ಗಂಡಂದಿರಿಂದ ನನಗೆ ಬಂದ ಪತ್ರ ಕೈಬೆರಳಲ್ಲಿ ಎಣಿಸುವಷ್ಟು. ಬರೆದಿದ್ದಕ್ಕೆ ಸಂತೋಷ ತಮ್ಮಾ.

ಅಮ್ಮನಿಗೆ ಹೀಗೆ ಹೇಳಿ. ಬೆಳಿಗ್ಗೆ ಹತ್ತಕ್ಕೆ ಮಲಗಿ ಮಧ್ಯಾಹ್ನ ಮೂರಕ್ಕೆ ಏಳುವ ಸೊಸೆ ಮಲಗಿದ್ದು ಐದೇ ಗಂಟೆ. ಅದೂ ಕುಕ್ಕರ್ ಸೀಟಿ, ಸೊಪ್ಪಿನವರ ಕೂಗು, ಟಿವಿ ಧಾರಾವಾಹಿ ನಡುವೆ. ಅಮ್ಮನನ್ನು ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ಮೂರಕ್ಕೆ ಎಬ್ಬಿಸಿದರೆ ಬೆಳಿಗ್ಗೆ ಹೇಗಿರುತ್ತಾರೋ, ಸೊಸೆ ಸಂಜೆ ಹಾಗಿರುತ್ತಾರೆ.

ಬಂದ ಮೊದಲ ಅರ್ಧ ಗಂಟೆ ಏನೂ ಕೇಳಬೇಡಿ. ಸ್ನಾನಕ್ಕೆ ಬಿಸಿನೀರು, ಎರಡು ಇಡ್ಲಿ, ಮಜ್ಜಿಗೆ ಇರಲಿ. ಸಾಲ, ಫೀಸು, ನೆಂಟರ ವಿಷಯವೆಲ್ಲ ಸಂಜೆಗೆ. ನಮ್ಮ ಯಜಮಾನರು ನನ್ನ ನೈಟ್ ದಿನಗಳಲ್ಲಿ ಕಿಟಕಿಗೆ ಕರಿ ಕಂಬಳಿ ಕಟ್ಟಿ ಶಾಲೆಗೆ ಹೋಗುತ್ತಿದ್ದರು. ನಾಲ್ಕು ಮೊಳೆ, ಒಂದು ಕಂಬಳಿ. ಕೋಣೆ ಅಮಾವಾಸ್ಯೆ ಹಾಗೆ ಕತ್ತಲಾಗುತ್ತಿತ್ತು. ನನ್ನ ಆರೋಗ್ಯಕ್ಕೆ ಅಷ್ಟು ಉಪಕಾರ ಮಾಡಿದ ಔಷಧಿ ಇನ್ನೊಂದಿಲ್ಲ. ನೀವು ದಪ್ಪ ಪರದೆ ಹಾಕಿಸಿ. ಸಿಲಿಂಡರಿನವರು, ಕೊರಿಯರಿನವರು ಬೆಲ್ ಒತ್ತದ ಹಾಗೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ನಿಮ್ಮ ನಂಬರ್ ಬರೆದು.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ನೈಟ್ ಮುಗಿದ ಬೆಳಿಗ್ಗೆ ಅವರು ಸ್ಕೂಟಿ ಓಡಿಸಬಾರದು. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನ ಹೇಳಿದ್ದು ಇದು: 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣು ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ತಡವರಿಸುತ್ತವೆ. ನಮ್ಮಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 0.03%. ಹಿಂದಿನ ದಿನ ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋದ ಸಿಸ್ಟರ್ ಬೆಳಿಗ್ಗೆ ಎಂಟಕ್ಕೆ 24 ಗಂಟೆ ದಾಟಿರುತ್ತಾರೆ. ನನ್ನ ಜೊತೆ ಓದಿದ ಒಬ್ಬಳು ಹಾಗೇ ಮನೆಗೆ ಹೋಗುವಾಗ ಡಿವೈಡರಿಗೆ ಗುದ್ದಿ ಆರು ತಿಂಗಳು ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದಳು. ನೀವೇ ಹೋಗಿ ಕರೆದುಕೊಂಡು ಬನ್ನಿ. ಆಗದ ದಿನ ಆಟೊ ಹಿಡಿಯಲಿ, ಆ ದುಡ್ಡನ್ನು ಮನೆಖರ್ಚಿನಲ್ಲಿ ಸೇರಿಸಿ.

ಈ ಪುಟವನ್ನು ಅಮ್ಮನಿಗೂ ಓದಿ ಹೇಳಿ. ಅವರಿಗೂ ಕೇಳುವುದಿದ್ದರೆ ಬರೆಯಲಿ, ಮುಂದಿನ ತಿಂಗಳು ಮೊದಲು ಅವರಿಗೇ ಉತ್ತರಿಸುತ್ತೇನೆ.